ಸೋತ್ರೇನು? ಸೋತ್ವಿ ಕಾಕಾ!

ವಿಜಯಪುರದಿಂದ ತಿಕೋಟಾ ದಾಟಿ ಮಹಾರಾಷ್ಟ್ರದ ಗಡಿಯತ್ತ ಸಾಗಿದರೆ ಕನಮಡಿ ಸಿಗುತ್ತದೆ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಬೀಗತನಕ್ಕೂ ಸಂತೆಗೂ ಗಡಿಯ ಎರಡೂ ಬದಿ ಬೇಕಾದ ಊರು ಇದು. 2009ರ ಮೇ 25ರ ಬೆಳಿಗ್ಗೆ ಇಲ್ಲಿನ ಚಹಾದಂಗಡಿಯೊಂದರಲ್ಲಿ ಕೇಳಿದ ಎರಡು ಮಾತು ಈಗಲೂ ನನ್ನ ಕಿವಿಯಲ್ಲಿವೆ. ಹಿಂದಿನ ರಾತ್ರಿ ದೂರದ ಜೊಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಕ್ರಿಕೆಟ್ಟಿನ ಫೈನಲ್ ನಡೆದಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪಾದ ಹುಡುಗನೊಬ್ಬ ಮೂಲೆಯ ಬಾಕಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. ಹಿರಿಯರೊಬ್ಬರು ಬಶಿಗೆ ಚಹಾ ಸುರಿದುಕೊಳ್ಳುತ್ತ ಕೇಳಿದರು:

‘ಏನ್ ತಮ್ಮಾ, ಬೆಂಗಳೂರಾವ್ರು ಸೋತ್ರೇನು?’

‘ಸೋತ್ವಿ ಕಾಕಾ.’

‘ನೀ ಯಾವಾಗ ಆಡಾಕ ಹೋಗಿದ್ದಿಲೇ?’

ಅಂಗಡಿಯವರೆಲ್ಲ ನಕ್ಕರು. ಹುಡುಗನೂ ನಕ್ಕ. ಆದರೆ ಅವನು ತನ್ನ ಕ್ರಿಯಾಪದವನ್ನು ತಿದ್ದಿಕೊಳ್ಳಲಿಲ್ಲ. ‘ಸೋತ್ರು’ ಅಲ್ಲ, ‘ಸೋತ್ವಿ’. ಕನ್ನಡದಲ್ಲಿ ಒಂದೆರಡು ಅಕ್ಷರ ಬದಲಾದರೆ ಸೋತವರು ಅನ್ಯರಿಂದ ನಾವೇ ಆಗಿಬಿಡುತ್ತೇವೆ. ಆ ಬದಲಾವಣೆ ಹೇಗಾಗುತ್ತದೆ? ಗೆಲ್ಲುವ ತಂಡಕ್ಕೆ ಜನ ಮರುಳಾಗುವುದನ್ನು ಅರ್ಥ ಮಾಡಿಕೊಳ್ಳಬಹುದು. ಗುರಿ ಕೈಗೆಟುಕುವಷ್ಟು ಹತ್ತಿರ ಹೋಗಿ ಮತ್ತೆ ಮತ್ತೆ ಸೋಲುವ ತಂಡ ಒಬ್ಬನನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಯಾಕೆ?

ಬೆಂಗಳೂರಿನ ಈ ತಂಡವನ್ನು ಕನಮಡಿಯ ಹುಡುಗ ತನ್ನದೆನ್ನಲು ಮೇಲ್ನೋಟಕ್ಕೆ ಕಾರಣಗಳೇ ಇಲ್ಲ. ಬೆಂಗಳೂರು ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ವಿಜಯಪುರ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದು; ಇಲ್ಲಿಂದ ದುಡಿಯಲು ಹೋದವರು ಸಾಂಗ್ಲಿ, ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದಾರೆ. ರಾಜಧಾನಿ ಎಲ್ಲವನ್ನೂ ತನ್ನ ಬಾಗಿಲಿಗೇ ಎಳೆದುಕೊಳ್ಳುತ್ತದೆಂಬ ಸಿಟ್ಟು ಈ ಸೀಮೆಯಲ್ಲಿ ಇಂದಿನದಲ್ಲ. ತಂಡದ ಹೆಸರಾದರೂ ಯಾವ ಪುಣ್ಯಪುರುಷನದು? 2008ರಲ್ಲಿ ಯುಬಿ ಸಮೂಹದ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಕೊಂಡ ತಂಡಕ್ಕೆ ತಮ್ಮ ವಿಸ್ಕಿಯ ಹೆಸರನ್ನೇ ಇಟ್ಟರು: ರಾಯಲ್ ಚಾಲೆಂಜರ್ಸ್. ‘ಸೆರೆ ಬಾಟ್ಲಿ ಹೆಸರು ಎದಿ ಮ್ಯಾಲ ಹಾಕ್ಕೊಂಡು ತಿರಗತಾವು’ ಎಂದು ನಮ್ಮ ಮನೆಯ ಹಿರಿಯರು ಗೊಣಗಿದ್ದುಂಟು. ಪಕ್ಕದ ಮುಂಬಯಿಯ ತಂಡ 2013ರಿಂದ 2020ರ ನಡುವೆ ಐದು ಸಲ ಕಪ್ ಗೆದ್ದಿತು. ಗಡಿಯ ಹುಡುಗರು ಆ ಕಡೆ ವಾಲಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೆಲವರು ವಾಲಿದರು, ಬಹಳ ಮಂದಿ ವಾಲಲಿಲ್ಲ.

ಇನ್ನೂ ಸೋಜಿಗದ ಮಾತೊಂದಿದೆ. ವಿಜಯಪುರದ ಹೆಸರಿನದೇ ಒಂದು ತಂಡವಿತ್ತು. ಅದು ಗೆದ್ದೂ ಇತ್ತು. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಕಪ್ ಎತ್ತಿತು. ಗೋಳಗುಮ್ಮಟದ ನೆರಳಲ್ಲಿ ನಿಂತು ಇಂದು ಹತ್ತು ಯುವಕರನ್ನು ಕೇಳಿ ನೋಡಿ, ಆ ಗೆಲುವುಗಳ ವರ್ಷ ಹೇಳುವವರು ಎಷ್ಟು ಮಂದಿ ಸಿಕ್ಕಾರು? ಅದೇ ಹುಡುಗರು 2016ರ ಮೇ 29ರ ರಾತ್ರಿ ಬೆಂಗಳೂರು ಎಷ್ಟು ರನ್ನಿನಿಂದ ಸೋತಿತು ಎಂಬುದನ್ನು ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಹೇಳುತ್ತಾರೆ. ಎಂಟು. ಬುಲ್ಸ್ ತಂಡದ ಪಂದ್ಯಗಳು ವಿಜಯಪುರದಲ್ಲಿ ನಡೆಯಲಿಲ್ಲ ಎಂಬುದು ಒಂದು ಕಾರಣ ಹೌದು. 2019ರ ನಂತರ ಮೋಸದಾಟದ ಪ್ರಕರಣಗಳಿಂದಾಗಿ ಆ ಲೀಗೇ ನಿಂತುಹೋಯಿತೆಂಬುದು ಇನ್ನೊಂದು. ಆದರೆ ಜೊಹಾನ್ಸ್‌ಬರ್ಗ್ ಮೈಸೂರು, ಹುಬ್ಬಳ್ಳಿಗಳಿಗಿಂತ ಹತ್ತಿರದ ಊರೇನೂ ಅಲ್ಲವಲ್ಲ! ಗೆಲುವು ಬಂತು, ಹೋಯಿತು. ಕಾಯಿಸಲಿಲ್ಲ, ಆದ್ದರಿಂದ ಕಾಡಲೂ ಇಲ್ಲ.

ಬೆಂಗಳೂರು ತಂಡದ ಕಥೆ ಶುರುವಾದದ್ದೇ ಸೋಲಿನಿಂದ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್‌ನ ಮೊತ್ತಮೊದಲ ಪಂದ್ಯದಲ್ಲಿ ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ರನ್ ಹೊಡೆದರು. ಬೆಂಗಳೂರಿನ ಹನ್ನೊಂದು ಮಂದಿ ಸೇರಿ ಗಳಿಸಿದ್ದು ಇತರೆ ರನ್ನುಗಳೂ ಸೇರಿ 82. ಆ 82ರಲ್ಲಿ ಅತಿ ದೊಡ್ಡ ಪಾಲು ಎದುರಾಳಿಗಳು ಧರ್ಮಕ್ಕೆ ಕೊಟ್ಟ ಇತರೆ ರನ್ನುಗಳದೇ, 19. ಆ ವರ್ಷ ಎಂಟು ತಂಡಗಳಲ್ಲಿ ಬೆಂಗಳೂರಿಗೆ ಏಳನೆಯ ಸ್ಥಾನ. ಇಂಥ ಸೋಲು ನಗೆಗೆ ವಸ್ತುವಾದೀತೇ ಹೊರತು ಪ್ರೀತಿಗಲ್ಲ. ಪ್ರೀತಿ ಹುಟ್ಟಿದ್ದು ಮರುವರ್ಷ, ಸೋಲು ಗೆಲುವಿನ ಮನೆಯ ಹೊಸ್ತಿಲಿಗೆ ಬಂದು ನಿಂತಾಗ.

ಚುನಾವಣೆಯ ಕಾರಣದಿಂದ ದಕ್ಷಿಣ ಆಫ್ರಿಕಕ್ಕೆ ಸ್ಥಳಾಂತರವಾದ ಆ 2009ರ ಟೂರ್ನಿಯಲ್ಲಿ ಅನಿಲ್ ಕುಂಬ್ಳೆ ನಾಯಕರಾಗಿ ತಂಡವನ್ನು ಫೈನಲ್‌ಗೆ ಒಯ್ದರು. ಅಲ್ಲಿ 16 ರನ್ನಿಗೆ 4 ವಿಕೆಟ್ ಕಿತ್ತರು. ಡೆಕ್ಕನ್ ಚಾರ್ಜರ್ಸ್ ಗಳಿಸಿದ್ದು 143 ಮಾತ್ರ. ಬೆಂಗಳೂರು ನಿಂತದ್ದು 137ರಲ್ಲಿ. ಆರು ರನ್ನಿನ ಸೋಲು. ಪಂದ್ಯಶ್ರೇಷ್ಠ ಪ್ರಶಸ್ತಿ ಮಾತ್ರ ಸೋತ ತಂಡದ ಕುಂಬ್ಳೆಗೆ. ಗೆದ್ದವರಿಗಿಂತ ಚೆನ್ನಾಗಿ ಆಡಿದವನು ಸೋತವರ ಸಾಲಿನಲ್ಲಿ ನಿಂತಿರುವ ಈ ಚಿತ್ರವೇ ಕನಮಡಿಯ ಆ ಹುಡುಗನ ‘ಸೋತ್ವಿ’ಗೆ ಬೀಜವೆಂದು ನನಗೆ ತೋರುತ್ತದೆ.

ಇನ್ನು ಆರು ರನ್ನಿನ ಲೆಕ್ಕ. ಫೈನಲ್ ಮುಗಿದು ಎಂಟು ತಿಂಗಳೂ ಕಳೆದಿರಲಿಲ್ಲ, 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಮುಂಬಯಿಯ ವಿರುದ್ಧ 338ರ ಗುರಿ ಬೆನ್ನಟ್ಟಿದ ಕರ್ನಾಟಕಕ್ಕೆ ಮನೀಶ್ ಪಾಂಡೆ 144 ರನ್ ಹೊಡೆದುಕೊಟ್ಟರು. ಕರ್ನಾಟಕ ಸೋತಿತು. ಅಂತರ ಮತ್ತೆ ಆರೇ ರನ್ನು. ಅದು ಬೇರೆ ತಂಡ, ಬೇರೆ ಆಟ ಎನ್ನಬಹುದು. ಅಭಿಮಾನಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲ ಸಾಲವೂ ಒಂದೇ ಖಾತೆಗೆ ಬೀಳುತ್ತದೆ.

ಇಲ್ಲಿ ‘ಪ್ಲೇ ಆಫ್’ ಎಂಬ ಏರ್ಪಾಟಿನ ಬಗ್ಗೆ ನಾಲ್ಕು ಮಾತು ಹೇಳಬೇಕು, ಏಕೆಂದರೆ ಈ ಭಕ್ತಿಯ ಗುಟ್ಟು ಅರ್ಧ ಅದರಲ್ಲೇ ಇದೆ. ಲೀಗ್ ಎಂದರೆ ಎಲ್ಲರೊಡನೆ ಆಡಿ ಅಂಕ ಕೂಡಿಸುವುದು. ಹೆಚ್ಚು ಅಂಕದವನೇ ದೊಡ್ಡವನು ಎಂದರೆ ಮುಗಿಯಿತು. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನ ಮೊದಲ ದರ್ಜೆಯಲ್ಲಿ ಹಾಗೆಯೇ ನಡೆಯುತ್ತದೆ. ಆದರೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ಪದ್ಧತಿ ಬೇರೆ. ಲೀಗ್ ಮುಗಿದ ಮೇಲೆ ಮೇಲಿನ ಕೆಲವು ತಂಡಗಳನ್ನಷ್ಟೇ ಉಳಿಸಿಕೊಂಡು ಮತ್ತೊಮ್ಮೆ ಕಾದಾಟಕ್ಕೆ ಬಿಡುವುದು. ಐಪಿಎಲ್‌ನಲ್ಲಿ ಮೊದಲ ಮೂರು ವರ್ಷ ಸಾಧಾರಣ ಸೆಮಿಫೈನಲ್‌ಗಳಿದ್ದವು. 2011ರಿಂದ ಬಂದ ಕ್ರಮ ಹೀಗಿದೆ: ಮೊದಲ ಎರಡು ಸ್ಥಾನದವರು ತಮ್ಮಲ್ಲಿ ಆಡುತ್ತಾರೆ, ಗೆದ್ದವರು ನೇರ ಫೈನಲ್‌ಗೆ. ಸೋತವರಿಗೆ ಇನ್ನೊಂದು ಜೀವ ಉಳಿದಿರುತ್ತದೆ. ಮೂರು, ನಾಲ್ಕನೆಯವರ ನಡುವಿನ ಪಂದ್ಯದಲ್ಲಿ ಸೋತವರು ಮನೆಗೆ; ಗೆದ್ದವರು ಆ ಇನ್ನೊಂದು ಜೀವದವರನ್ನು ಎದುರಿಸಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯ ಪ್ರಾಂತ್ಯದ ಫುಟ್‌ಬಾಲ್ ಲೀಗ್ 1931ರಲ್ಲೇ ಬಳಸಿದ ಈ ಕ್ರಮಕ್ಕೆ ಪರ್ಸಿ ಪೇಜ್ ಎಂಬಾತನ ಹೆಸರು ಅಂಟಿಕೊಂಡಿದೆ.

ಈ ಏರ್ಪಾಟಿನಿಂದಾಗುವ ಪರಿಣಾಮವನ್ನು ಗಮನಿಸಿ. ಎರಡು ತಿಂಗಳ ಕಾಲ ಹದಿನಾಲ್ಕು ಪಂದ್ಯ ಆಡಿ ಕೂಡಿಟ್ಟದ್ದೆಲ್ಲ ಒಂದು ರಾತ್ರಿಯಲ್ಲಿ ಹೋಗಬಹುದು. ವರ್ಷವಿಡೀ ನೀರುಣಿಸಿದ ದ್ರಾಕ್ಷಿ ಕಟಾವಿನ ಹೊತ್ತಿಗೆ ಬಿದ್ದ ಆಲಿಕಲ್ಲಿಗೆ ಹೋದ ಹಾಗೆ ಎಂದರೆ ತಿಕೋಟಾ ಸೀಮೆಯ ರೈತರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೆಟ್ಟ ತಂಡದ ಅಭಿಮಾನಿಗೆ ಲೀಗ್ ಹಂತದಲ್ಲೇ ಆಸೆ ಬತ್ತಿಹೋಗುತ್ತದೆ, ಅವನು ಬೇಗ ನಿದ್ದೆ ಹೋಗಬಲ್ಲ. ಪ್ಲೇ ಆಫ್‌ನಲ್ಲಿ ಸೋಲುವ ತಂಡದ ಅಭಿಮಾನಿಗೆ ಆ ಸುಖವಿಲ್ಲ. ಅವನು ಕೊನೆಯವರೆಗೆ ಎದ್ದಿರಬೇಕು. ಮಾರನೆಯ ದಿನ ‘ಹಾಗಾಗಿದ್ದರೆ’, ‘ಹೀಗಾಗಿದ್ದರೆ’ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕ ಮುಂದಿನ ಮಾರ್ಚ್ ತಿಂಗಳವರೆಗೂ ಮುಗಿಯುವುದಿಲ್ಲ.

ಪಂಜಾಬ್ ತಂಡವನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದೂ 2008ರಿಂದ ಕಪ್ ಕಾಣದ ತಂಡವೇ. ಆದರೆ 2008ರ ಸೆಮಿಫೈನಲ್, 2014ರ ಫೈನಲ್ ಬಿಟ್ಟರೆ 2024ರವರೆಗೆ ಅದು ಕೊನೆಯ ನಾಲ್ಕರಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಬೆಂಗಳೂರು ಅದೇ ಹದಿನೇಳು ವರ್ಷಗಳಲ್ಲಿ ಒಂಬತ್ತು ಸಲ ಅಲ್ಲಿಗೆ ಹೋಗಿ ಒಂಬತ್ತು ಸಲವೂ ಬರಿಗೈಲಿ ಮರಳಿತು. ಒಬ್ಬರದು ಬರಗಾಲ; ಇನ್ನೊಬ್ಬರದು ಬೆಳೆದು ನಿಂತ ಬೆಳೆ ಕೈತಪ್ಪಿದ್ದು. ದುಃಖದ ಜಾತಿಯೇ ಬೇರೆ.

ಆ ಒಂಬತ್ತನ್ನೂ ಇಲ್ಲಿ ಬಿಡಿಸಿ ಹೇಳಿ ಓದುಗರ ಗಾಯ ಕೆರೆಯುವ ಇಚ್ಛೆ ನನಗಿಲ್ಲ. ಒಂದೆರಡು ಸಾಕು. 2010ರ ಸೆಮಿಫೈನಲ್‌ಗಳು ಬೆಂಗಳೂರಿನಲ್ಲೇ ನಡೆಯಬೇಕಿದ್ದವು. ಏಪ್ರಿಲ್ 17ರಂದು ಕ್ರೀಡಾಂಗಣದ ಹೊರಗೆ ಬಾಂಬ್ ಸ್ಫೋಟಿಸಿ ಪಂದ್ಯಗಳು ಮುಂಬಯಿ ಸೀಮೆಗೆ ಹೋದವು. ಅಲ್ಲಿ ಮುಂಬಯಿಯ ಎದುರೇ ಸೋಲು. 2011ರಲ್ಲಿ ಅಂಕಪಟ್ಟಿಯ ತುದಿಯಲ್ಲಿದ್ದ ತಂಡ ಚೆನ್ನೈನ ಫೈನಲ್‌ನಲ್ಲಿ 58 ರನ್ನುಗಳಿಂದ ಸೋತಿತು. ಇಡೀ ಟೂರ್ನಿಯಲ್ಲಿ ಚೆಂಡನ್ನು ಚಚ್ಚಿ 608 ರನ್ ಗುಡ್ಡೆ ಹಾಕಿದ್ದ ಕ್ರಿಸ್ ಗೇಲ್ ಅಂದು ಮೊದಲ ಓವರಿನಲ್ಲೇ ಸೊನ್ನೆಗೆ ಔಟ್. 2014ರಲ್ಲಿ ಬೆಂಗಳೂರು ಕೊನೆಯ ನಾಲ್ಕರಲ್ಲಿ ಇರಲಿಲ್ಲ. ಆದರೂ ಫೈನಲ್ ನಡೆದದ್ದು ಚಿನ್ನಸ್ವಾಮಿಯಲ್ಲಿ. 94 ರನ್ ಹೊಡೆದು ಕಪ್ ಗೆದ್ದುಕೊಟ್ಟವರು ನಮ್ಮ ಮನೀಶ್ ಪಾಂಡೆ, ಕೋಲ್ಕತ್ತದ ಅಂಗಿ ತೊಟ್ಟು!

2016 ಮಾತ್ರ ಸ್ವಲ್ಪ ನಿಲ್ಲಬೇಕಾದ ಜಾಗ. ಆ ವರ್ಷ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಡನೆ 973 ರನ್ ಗಳಿಸಿದರು. ಮೊದಲ ಪ್ಲೇ ಆಫ್‌ನಲ್ಲಿ ಗುಜರಾತ್ ಲಯನ್ಸ್ ಎದುರು 29 ರನ್ನಿಗೆ 5 ವಿಕೆಟ್ ಬಿದ್ದಿದ್ದರೂ ಎಬಿ ಡಿ ವಿಲಿಯರ್ಸ್ ಅಜೇಯ 79 ಹೊಡೆದು ತಂಡವನ್ನು ದಡ ಮುಟ್ಟಿಸಿದರು. ಫೈನಲ್ ನಮ್ಮದೇ ಅಂಗಳದಲ್ಲಿ. ಹೈದರಾಬಾದ್ 208 ಗಳಿಸಿತು. ಗೇಲ್ 38 ಚೆಂಡುಗಳಲ್ಲಿ 76. ಹನ್ನೊಂದನೆಯ ಓವರಿನ ನಡುವೆ ಅವರು ಔಟಾದಾಗ ಬೆಂಗಳೂರು 114. ಆ ಮೇಲೆ ಒಂಬತ್ತು ವಿಕೆಟ್ ಕೈಲಿಟ್ಟುಕೊಂಡು 57 ಚೆಂಡುಗಳಲ್ಲಿ 95 ರನ್ ಗಳಿಸಬೇಕಿತ್ತು. ನಾನು ಆ ಪಂದ್ಯ ನೋಡಿದ್ದು ಕನಮಡಿಯಲ್ಲಿ, ತಂಗಿಯ ಮನೆಯ ಪಡಸಾಲೆಯಲ್ಲಿ. ಗೇಲ್ ಇದ್ದಾಗಲೇ ಒಮ್ಮೆ ಕರೆಂಟ್ ಹೋಯಿತು. ಬರುವಷ್ಟರಲ್ಲಿ ಗೇಲ್ ಇರಲಿಲ್ಲ. ‘ಮಾಮಾ, ನೀವ್ ಎದ್ದ್ ಹೊರಗ ಹೋಗಿದ್ದಕ್ಕ ಔಟಾದ’ ಎಂದು ಅಳಿಯ ನನ್ನ ಮೇಲೆ ಅಪವಾದ ಹೊರಿಸಿದ. ಕೊನೆಗೆ 200ಕ್ಕೆ ನಿಂತಿತು. ಆ ರಾತ್ರಿ ಅವನು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವನೇ ಮೊದಲು ಮಾಡಿದ ಕೆಲಸ ಬಾಗಿಲ ಹಿಂದೆ ಅಂಟಿಸಿದ್ದ ತಂಡದ ಚಿತ್ರ ಹರಿದಿದೆಯೇ ಎಂದು ನೋಡಿದ್ದು. ಯಾರೂ ಹರಿದಿರಲಿಲ್ಲ. ಸ್ವತಃ ತಾನೇ ರಾತ್ರಿ ಸಿಟ್ಟಿನಲ್ಲಿ ಹರಿದೆನೇನೋ ಎಂಬ ಭಯ ಅವನಿಗೆ!

ಈ ವಿಚಿತ್ರ ನಿಷ್ಠೆಗೆ ಮನಶ್ಶಾಸ್ತ್ರದವರು ಹೇಳುವುದೇನು? ಅಮೆರಿಕದ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮೇಲೆ ವಿದ್ಯಾರ್ಥಿಗಳು ಅದರ ಹೆಸರಿರುವ ಅಂಗಿಗಳನ್ನು ಹೆಚ್ಚು ತೊಟ್ಟು ಬರುತ್ತಿದ್ದರು. ಆಟದ ಬಗ್ಗೆ ಕೇಳಿದರೆ ಗೆದ್ದಾಗ ‘ನಾವು’ ಎನ್ನುವವರು ಹೆಚ್ಚು, ಸೋತಾಗ ಆ ‘ನಾವು’ ಕಡಿಮೆ. ಬೇರೆಯವರ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುವುದು ಮನುಷ್ಯ ಸ್ವಭಾವ ಎಂಬುದು ಅವರ ನಿಲುವು. ಚಹಾದಂಗಡಿಯ ಹುಡುಗ ಈ ನಿಯಮಕ್ಕೆ ತಲೆಕೆಳಗಾಗಿದ್ದ. ಅವನನ್ನು ಅರ್ಥ ಮಾಡಿಕೊಳ್ಳಲು ಇನ್ನೊಂದು ಪ್ರಯೋಗ ಸಹಾಯವಾದೀತು. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಕಾಲೇಜು ಯುವತಿಯರನ್ನು ಚರ್ಚಾಕೂಟವೊಂದಕ್ಕೆ ಸೇರಿಸಿಕೊಂಡರು. ಕೆಲವರಿಗೆ ನಾಚಿಕೆಯಿಂದ ಕುಗ್ಗುವಂಥ ಪ್ರವೇಶ ಪರೀಕ್ಷೆ, ಕೆಲವರಿಗೆ ಹಗುರವಾದದ್ದು, ಕೆಲವರಿಗೆ ಇಲ್ಲವೇ ಇಲ್ಲ. ಆಮೇಲೆ ಎಲ್ಲರಿಗೂ ಬೇಕೆಂದೇ ಸಪ್ಪೆಯಾದ ಚರ್ಚೆಯೊಂದನ್ನು ಕೇಳಿಸಿದರು. ಹೆಚ್ಚು ಕಷ್ಟಪಟ್ಟು ಒಳಬಂದವರೇ ಅದು ಚೆನ್ನಾಗಿತ್ತೆಂದು ಹೆಚ್ಚು ಹೊಗಳಿದರು! ಪಟ್ಟ ಪಾಡು ವ್ಯರ್ಥವೆಂದು ಒಪ್ಪಿಕೊಳ್ಳಲು ಮನಸ್ಸು ಸಿದ್ಧವಿರುವುದಿಲ್ಲ. ಪಾಡಿಗೆ ತಕ್ಕ ಬೆಲೆಯನ್ನು ಅದೇ ಕಟ್ಟಿಕೊಳ್ಳುತ್ತದೆ. ಒಂದೊಂದು ಪ್ಲೇ ಆಫ್ ಸೋಲೂ ಅಭಿಮಾನಿಗೆ ಒಂದೊಂದು ಪ್ರವೇಶ ಪರೀಕ್ಷೆ. ಮೂರು ಪರೀಕ್ಷೆ ಬರೆದವನು ನಾಲ್ಕನೆಯದಕ್ಕೆ ಬಿಟ್ಟುಹೋದಾನೆಯೇ?

ಹೊರದೇಶಗಳಲ್ಲೂ ಇದೇ ಕಥೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡದವರು 1918ರ ನಂತರ 2004ರವರೆಗೆ, ಷಿಕಾಗೊ ಕಬ್ಸ್ ತಂಡದವರು 1908ರ ನಂತರ 2016ರವರೆಗೆ ಕಾದರು. ಕೆನಡಾದ ಟೊರಾಂಟೊ ನಗರದ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್ 1967ರಲ್ಲಿ ಗೆದ್ದದ್ದೇ, ಆಮೇಲಿನ ದಶಕಗಳೆಲ್ಲ ಕಾಯುವುದರಲ್ಲೇ ಹೋದವು. 2013ರ ಪ್ಲೇ ಆಫ್‌ನಲ್ಲಿ ಬಾಸ್ಟನ್ ಎದುರಿನ ನಿರ್ಣಾಯಕ ಪಂದ್ಯದ ಕೊನೆಯ ಅವಧಿಯಲ್ಲಿ 4–1ರಿಂದ ಮುಂದಿದ್ದು, 5–4ರಿಂದ ಸೋತ ತಂಡ ಅದು. ಅಲ್ಲಿ ಅಜ್ಜನಿಂದ ಮೊಮ್ಮಗನಿಗೆ ಸಾಲದ ಹಾಗೆ ಈ ಅಭಿಮಾನ ಬರುತ್ತದಂತೆ.

ಆದರೆ ನಮ್ಮ ಸೀಮೆಯ ಮಟ್ಟಿಗೆ ಪ್ರಯೋಗಾಲಯಕ್ಕಿಂತ ಹತ್ತಿರದ ವಿವರಣೆಯೊಂದು ಇದೆಯೆಂದು ನನ್ನ ಗುಮಾನಿ. ಇಲ್ಲಿಯ ಜನ ಹಾಡಿ ಉಳಿಸಿಕೊಂಡವರಲ್ಲಿ ಗೆದ್ದವರಿಗಿಂತ ಸೋತವರೇ ಹೆಚ್ಚು. 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಹೋರಾಡಿದ ಹಲಗಲಿಯ ಬೇಡರು ಸೋತರು, ಲಾವಣಿ ಅವರದೇ. ಕಿತ್ತೂರಿನ ಚೆನ್ನಮ್ಮ ಸೆರೆಯಲ್ಲಿ ತೀರಿಕೊಂಡಳು, ರಾಯಣ್ಣ ಗಲ್ಲಿಗೇರಿದ, ಪದಗಳು ಅವರವೇ. ಕನಮಡಿಗೆ ನೆರೆಯ ಜತ್ತ ತಾಲ್ಲೂಕಿನ ಸಿಂಧೂರ ಗ್ರಾಮದ ಲಕ್ಷ್ಮಣ ಬ್ರಿಟಿಷರ ಗುಂಡಿಗೆ ಬಲಿಯಾದದ್ದು 1922ರಲ್ಲಿ. ಅವನ ಕಥೆಯನ್ನು ನಾಟಕ ಕಂಪನಿಗಳು ಆಡುತ್ತಲೇ ಬಂದವು, ಜನ ಅಳುತ್ತಲೇ ಬಂದರು. ಮೊಹರಂ ಬಂದರೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಕೂಡಿ ಹಾಡುವ ರಿವಾಯತ್ ಪದಗಳು ಕರ್ಬಲಾದಲ್ಲಿ ಮಡಿದವರನ್ನು ಕುರಿತವು. ಇನ್ನು ಹತ್ತನೆಯ ಶತಮಾನದಲ್ಲಿ ಮುಧೋಳದ ರನ್ನ ‘ಗದಾಯುದ್ಧ’ ಬರೆದದ್ದು ಭೀಮನನ್ನು ಮೆರೆಸಲು. ಓದುವವರ ಕರುಳು ಹೋಗುವುದು ಹೆಣಗಳ ನಡುವೆ ತನ್ನವರನ್ನು ಹುಡುಕುತ್ತ ನಡೆಯುವ ದುರ್ಯೋಧನನ ಕಡೆಗೆ. ಇದನ್ನು ಕಂಡೇ ಬಿ.ಎಂ. ಶ್ರೀಕಂಠಯ್ಯನವರು ಆ ಕಾವ್ಯದಿಂದ ದುರಂತ ನಾಟಕವೊಂದನ್ನು ಹೊರತೆಗೆದರು. ಈ ದೊಡ್ಡ ದುಃಖಗಳಿಗೂ ಚೆಂಡಾಟಕ್ಕೂ ಹೋಲಿಕೆ ಸಲ್ಲದು, ನಿಜ. ಆದರೆ ಕೇಳುವ ಕಿವಿ ಅದೇ ಅಲ್ಲವೇ?

ನಮ್ಮ ಸೀಮೆಯವರೇ ಒಬ್ಬರು ಅಂಥ ಸೋಲಿನ ಕಟ್ಟಕಡೆಯ ಚೆಂಡನ್ನು ಎದುರಿಸಿದ್ದಾರೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ದಾಟಿಸಿದವರು. ಜುಲೈ 23ರಂದು ಲಾರ್ಡ್ಸ್‌ನ ಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 3 ವಿಕೆಟ್‌ಗೆ 191 ಇದ್ದ ಭಾರತ 219ಕ್ಕೆ ಕುಸಿಯಿತು. ಒಂಬತ್ತು ರನ್ನಿನ ಸೋಲು. ಬಿದ್ದ ಕೊನೆಯ ವಿಕೆಟ್ ರಾಜೇಶ್ವರಿಯವರದು. ಆ ಸೋಲಿನ ನಂತರವೇ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ ನೋಡುವವರ ಸಂಖ್ಯೆ ಹೆಚ್ಚಿದ್ದನ್ನು ನಾನು ಕಂಡಿದ್ದೇನೆ. 2025ರ ನವೆಂಬರ್ 2ರಂದು ಭಾರತದ ವನಿತೆಯರು ವಿಶ್ವಕಪ್ ಗೆದ್ದಾಗ ಅದನ್ನು ನೋಡಲು ಕುಳಿತವರಲ್ಲಿ ಬಹಳ ಮಂದಿ 2017ರ ಆ ಕಣ್ಣೀರಿನ ಗಿರಾಕಿಗಳು.

ಅಭಿಮಾನ ಹಳ್ಳಿಗೆ ಇಳಿಯಲು ಬೇರೆ ಸಾಧನಗಳೂ ಬೇಕಾದವು. 2016ರ ಕೊನೆಗೆ ಮೊಬೈಲ್ ಡೇಟಾ ಅಗ್ಗವಾಯಿತು. 2018ರಲ್ಲಿ ಪ್ರಸಾರದ ಹಕ್ಕು ಸ್ಟಾರ್ ಸಂಸ್ಥೆಗೆ ಹೋದಾಗ ವೀಕ್ಷಕ ವಿವರಣೆ ಕನ್ನಡದಲ್ಲೇ ಬರತೊಡಗಿತು. ಅದುವರೆಗೆ ಹಿಂದಿಯಲ್ಲಿ ಸೋಲುತ್ತಿದ್ದ ತಂಡ ಕನ್ನಡದಲ್ಲಿ ಸೋಲತೊಡಗಿತು, ವ್ಯತ್ಯಾಸ ಸಣ್ಣದಲ್ಲ. ಆ ಹೊತ್ತಿಗೇ ‘ಈ ಸಲ ಕಪ್ ನಮ್ದೇ’ ಎಂಬ ಮಾತು ನಾಡೆಲ್ಲ ಹಬ್ಬಿತು. ನಮ್ಮ ಕಡೆ ಒತ್ತಿ ಹೇಳುವಾಗ ‘ನಮ್ದ’ ಎನ್ನುತ್ತೇವೆಯೇ ಹೊರತು ‘ನಮ್ದೇ’ ಎನ್ನುವುದಿಲ್ಲ. ಆದರೂ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ದುಡಿಯುವ ಹುಡುಗರು ಮೊಬೈಲನ್ನು ಕಂಬಕ್ಕೆ ಒರಗಿಸಿಟ್ಟು ಆ ದಕ್ಷಿಣದ ‘ಏ’ಕಾರವನ್ನೇ ಎಳೆದು ಕೂಗುವುದನ್ನು ಕೇಳಿದ್ದೇನೆ. ಭಾಷಾಪ್ರಾಂತ್ಯ ರಚನೆಯಾಗಿ ಅರವತ್ತು ವರ್ಷ ದಾಟಿದ ಮೇಲೆ ಬೆಂಗಳೂರಿನ ಒಂದು ಮಾತನ್ನು ಗಡಿಯ ಹಳ್ಳಿ ಯಾರ ಒತ್ತಾಯವಿಲ್ಲದೆ ತನ್ನದೆಂದು ಆಡಿತು. ಅದೂ ಗೆದ್ದ ಬೀಗಿನಿಂದಲ್ಲ. ಆ ಕೂಗಿನಲ್ಲಿ ಅರ್ಧ ಆಸೆ, ಅರ್ಧ ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ವಿನೋದ. ಕೂಗುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು.

ಇದಕ್ಕೆ ಕಪ್ಪು ಮುಖವೂ ಇದೆ. ಬೆಟ್ಟಿಂಗ್ ಹಳ್ಳಿಗಳಿಗೆ ನುಗ್ಗಿದ್ದು ಇದೇ ಮೊಬೈಲಿನ ದಾರಿಯಿಂದ. ‘ಈ ಸಲ ಗ್ಯಾರಂಟಿ’ ಎಂದು ಎಮ್ಮೆ ಮಾರಿದ ಹಣ ಕಟ್ಟಿ ಕಳೆದುಕೊಂಡವರನ್ನು ನಾನು ಬಲ್ಲೆ. ಸೋತ ತಂಡದ ಮೇಲಿನ ಪ್ರೀತಿ ಬೇರೆ, ಸೋತ ದುಡ್ಡನ್ನು ಮರಳಿ ಪಡೆಯುವ ಹಟ ಬೇರೆ. ಆದರೆ ಎರಡಕ್ಕೂ ಇಂಧನ ಒಂದೇ: ಇನ್ನೇನು ಸಿಕ್ಕಿತ್ತು ಎಂಬ ಭಾವನೆ. ಈ ವ್ಯಾಪಾರದವರಿಗೆ ಅದು ಚೆನ್ನಾಗಿ ಗೊತ್ತು.

2020, 2021ರಲ್ಲಿ ಕೊನೆಯ ನಾಲ್ಕಕ್ಕೆ ಬಂದು ಮೊದಲ ಪಂದ್ಯಕ್ಕೇ ಮನೆಗೆ. 2022ರಲ್ಲಿ ಒಂದು ಮೆಟ್ಟಿಲು ಹೆಚ್ಚು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತು, ಎಲ್ಲರೂ ಕೈಬಿಟ್ಟ ಮೇಲೆ ಸತತ ಆರು ಗೆದ್ದು ಒಳಹೊಕ್ಕು, ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ಮತ್ತೆ ಸೋಲು. ಅದೇ ವರ್ಷ ಮಾರ್ಚ್ 17ರಂದು ಇದೇ ಹೆಸರಿನ ಮಹಿಳಾ ತಂಡ ತನ್ನ ಎರಡನೆಯ ವರ್ಷದಲ್ಲೇ ಕಪ್ ಗೆದ್ದು ತೋರಿಸಿತ್ತು. ನಾಯಕಿ ಸ್ಮೃತಿ ಮಂದಾನ, ಬೆಳೆದದ್ದು ಸಾಂಗ್ಲಿಯಲ್ಲಿ. ಕನಮಡಿಯವರ ಲೆಕ್ಕದಲ್ಲಿ ನೆರೆಮನೆಯ ಹುಡುಗಿ.

ಕೊನೆಗೆ 2025ರ ಜೂನ್ 3. ಅಹಮದಾಬಾದ್. ಎದುರಿಗೆ ಅದೇ ಪಂಜಾಬ್, ಕಪ್ ಕಾಣದ ಇನ್ನೊಬ್ಬರು. ರಜತ್ ಪಾಟೀದಾರ್ ನಾಯಕತ್ವದ ಬೆಂಗಳೂರು 190 ಗಳಿಸಿತು. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ 17 ರನ್ ಮಾತ್ರ ಕೊಟ್ಟು 2 ವಿಕೆಟ್ ತೆಗೆದರು. ಪಂಜಾಬ್ 184ಕ್ಕೆ ನಿಂತಿತು. ಅಂತರ ಆರು ರನ್. ಜೊಹಾನ್ಸ್‌ಬರ್ಗ್‌ನಲ್ಲಿ ಕಳೆದುಕೊಂಡದ್ದು ಹದಿನಾರು ವರ್ಷದ ಮೇಲೆ ಬಡ್ಡಿಯಿಲ್ಲದೆ ಮರಳಿ ಬಂದ ಹಾಗೆ. ಮೊದಲ ವರ್ಷದಿಂದ ತಂಡ ಬದಲಿಸದೆ ಹದಿನೆಂಟೂ ಸಲ ಇಲ್ಲೇ ಆಡಿದ ಕೊಹ್ಲಿ ಕೊನೆಯ ಓವರಿನ ನಡುವೆಯೇ ಕಣ್ಣೊರೆಸಿಕೊಳ್ಳುತ್ತಿದ್ದರು. ಕನಮಡಿಯಲ್ಲಿ ನಡುರಾತ್ರಿ ಪಟಾಕಿ ಸಿಡಿಯಿತು, ಟ್ರ್ಯಾಕ್ಟರಿಗೆ ಕೆಂಪು ಬಾವುಟ ಕಟ್ಟಿದರು. 2009ರ ಹುಡುಗ ಈಗ ಎರಡು ಮಕ್ಕಳ ತಂದೆ. ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಹೆಗಲ ಮೇಲೆ ಹೊತ್ತು ಕುಣಿದ. ‘ಗೆದ್ವಿ ಕಾಕಾ’ ಎನ್ನಲು ಆ ಕಾಕಾ ಮಾತ್ರ ಈಗಿಲ್ಲ.

ಮರುದಿನ ನನ್ನ ಅಳಿಯ ಬೆಂಗಳೂರಿನಲ್ಲಿದ್ದ. ಅಲ್ಲೇ ಅವನ ನೌಕರಿ. ತಂಡ ಬರುತ್ತದೆ, ಕಪ್ ನೋಡಬಹುದು ಎಂದು ಅರ್ಧ ದಿನ ರಜೆ ಹಾಕಿ ಚಿನ್ನಸ್ವಾಮಿಯತ್ತ ಹೊರಟ. ಅವನಂತೆಯೇ ಲಕ್ಷಾಂತರ ಮಂದಿ ಹೊರಟಿದ್ದರು. ಹದಿನೇಳು ವರ್ಷ ಟಿ.ವಿ.ಯಲ್ಲಿ ಕಂಡದ್ದನ್ನು ಒಮ್ಮೆ ಕಣ್ಣಾರೆ ಕಾಣುವ ಆಸೆ ಅಷ್ಟೆ. ಅಷ್ಟು ಜನರನ್ನು ತಡೆದುಕೊಳ್ಳುವ ವ್ಯವಸ್ಥೆ ಅಲ್ಲಿರಲಿಲ್ಲ. ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು, ಹೆಚ್ಚಿನವರು ಹರೆಯದವರು. ಮುಂದೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಅವರ ವಿಚಾರಣಾ ಆಯೋಗ ಬಂತು, ತಪ್ಪು ಯಾರದೆಂಬ ವಾದಗಳು ಬಂದವು. ಸೋಲನ್ನು ಹೇಗೆ ಹೊರಬೇಕೆಂಬುದನ್ನು ಈ ಜನ ಹದಿನೇಳು ವರ್ಷ ಅಭ್ಯಾಸ ಮಾಡಿದ್ದರು. ಗೆಲುವಿಗೆ ಒಂದು ದಿನದ ಸಿದ್ಧತೆಯನ್ನೂ ಯಾರೂ ಮಾಡಿರಲಿಲ್ಲ.

ಆ ಸಂಜೆ ತಂಗಿ ಐದು ಗಂಟೆಯಿಂದ ಮಗನಿಗೆ ಫೋನ್ ಹಚ್ಚುತ್ತಲೇ ಇದ್ದಳು. ಹತ್ತಲಿಲ್ಲ. ಪಡಸಾಲೆಯ ಟಿ.ವಿ.ಯಲ್ಲಿ ಚಪ್ಪಲಿಗಳ ರಾಶಿ ತೋರಿಸುತ್ತಿದ್ದರು. ಏಳು ದಾಟಿದ ಮೇಲೆ ಅವನದೇ ಫೋನ್ ಬಂತು. ಗದ್ದಲ ಕಂಡು ಅರ್ಧ ದಾರಿಗೇ ತಿರುಗಿದ್ದನಂತೆ. ತಂಗಿ ಮಾತಾಡಲಾರದೆ ಫೋನನ್ನು ನನ್ನ ಕೈಗೆ ಕೊಟ್ಟಳು. ಏನು ಕೇಳಬೇಕೆಂದು ತಿಳಿಯದೆ ಊಟ ಆಯಿತೇ ಎಂದೆ.

‘ಇಲ್ಲ ಮಾಮಾ’ ಎಂದ. ‘ಟಿ.ವಿ. ಬಂದ್ ಮಾಡ್ರಿ.’